ಬೆವರಿನ ಜಮಾ-ಖರ್ಚು

ಕಾಮರ್ಸ್ ವಿದ್ಯಾರ್ಥಿಗೆ ಜೀವಶಾಸ್ತ್ರದಲ್ಲಿ ಏನು ಕೆಲಸ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಆದರೆ ನಮ್ಮ ದೇಹ ತನ್ನ ಶಾಖವನ್ನು ನಿಭಾಯಿಸುವ ರೀತಿ ನೋಡಿದರೆ ಅದು ಪಕ್ಕಾ ಅಕೌಂಟೆನ್ಸಿಯೇ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು, ಬಾಕಿ ಮಾತ್ರ ಸದಾ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ಬ್ಯಾಂಕ್ ಖಾತೆಯಲ್ಲಿ ಬಾಕಿ ಹೆಚ್ಚಾದರೆ ಖುಷಿ. ಇಲ್ಲಿ ನಾಲ್ಕು ಡಿಗ್ರಿ ಹೆಚ್ಚಾದರೆ ಜೀವಕ್ಕೇ ಅಪಾಯ.

ಮೊದಲು ಜಮಾ ನೋಡೋಣ. ನಾವು ಸುಮ್ಮನೆ ಕುಳಿತು ಪಾಠ ಕೇಳುವಾಗಲೂ ತಿಂದ ಅನ್ನ-ರೊಟ್ಟಿ ದೇಹದೊಳಗೆ ಕರಗಿ ಸುಮಾರು 100 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಓಡಿದರೆ, ಮೂಟೆ ಹೊತ್ತರೆ ಇದು ಹಲವು ಪಟ್ಟು ಏರುತ್ತದೆ. ಈ ಶಾಖ ಹೊರಗೆ ಹೋಗಲೇಬೇಕು. ಲೆಕ್ಕ ನೋಡಿಕೊಳ್ಳುವ ಮ್ಯಾನೇಜರ್ ಮೆದುಳಿನ ತಳದಲ್ಲಿರುವ ಹೈಪೋಥಾಲಮಸ್ ಎಂಬ ಸಣ್ಣ ಭಾಗ. ಶಾಖ ಹೆಚ್ಚಾಯಿತು ಎಂದು ಗೊತ್ತಾದ ಕೂಡಲೇ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಹೊರಮೈಗೆ ಬಂದು ಗಾಳಿಗೆ ಶಾಖ ಕೊಟ್ಟು ಮರಳುತ್ತದೆ. ಬಿಸಿಲಲ್ಲಿ ಆಡಿ ಬಂದವರ ಮುಖ ಕೆಂಪಾಗುವುದು ಇದರಿಂದಲೇ.

ಆದರೆ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ಇರುವಾಗ ಈ ವ್ಯಾಪಾರ ತಿರುಗುಮುರುಗಾಗುತ್ತದೆ. ನಾವು ಗಾಳಿಗೆ ಶಾಖ ಕೊಡುವ ಬದಲು ಗಾಳಿಯೇ ನಮಗೆ ಕೊಡುತ್ತದೆ. ಆಗ ಖರ್ಚಿಗೆ ಉಳಿಯುವ ದಾರಿ ಒಂದೇ, ಬೆವರು.

ಬೆವರು ಸುರಿದರೆ ತಂಪಲ್ಲ, ಆರಿದರೆ ತಂಪು. ಇಡೀ ಪಾಠದ ಗುಟ್ಟು ಇದೇ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಸೆಕೆಂಡಿಗೆ 100 ಜೂಲ್ ಎಂದು ಭಾಗಿಸಿ ನೋಡಿ: ಸುಮ್ಮನೆ ಕುಳಿತ ಮನುಷ್ಯ ಆರೂವರೆ ಗಂಟೆಗೂ ಹೆಚ್ಚು ಹೊತ್ತು ಹುಟ್ಟಿಸುವ ಶಾಖ ಅದು. ಅದೇ ಬೆವರು ಹನಿಯಾಗಿ ನೆಲಕ್ಕೆ ಬಿದ್ದರೆ, ಕರ್ಚೀಫಿನಲ್ಲಿ ಒರೆಸಿ ಹೋದರೆ, ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಶುದ್ಧ ನಷ್ಟ.

ಇದರ ಶಕ್ತಿ ಎಷ್ಟೆಂದು 1774ರಲ್ಲೇ ಇಂಗ್ಲೆಂಡಿನಲ್ಲಿ ಪರೀಕ್ಷೆಯಾಗಿತ್ತು. ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯ ಮತ್ತು ಅವನ ಗೆಳೆಯರು ಒಲೆಯಿಂದ ಕಾಯಿಸಿದ ಒಣ ಕೋಣೆಗೆ ಹೋಗಿ ನಿಂತರು. ಕೊನೆಗೆ ಕೋಣೆಯ ಉಷ್ಣತೆ 260 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 127 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಅಂಥ ಬಿಸಿಯಲ್ಲಿ ಮೇಜಿನ ಮೇಲಿಟ್ಟ ಮೊಟ್ಟೆ ಬೆಂದು ಗಟ್ಟಿಯಾಯಿತು, ಮಾಂಸದ ತುಂಡು ಬೆಂದು ಒಣಗಿತು. ಒಳಗೆ ಕೆಲವು ನಿಮಿಷ ನಿಂತಿದ್ದ ಬ್ಲಾಗ್ಡನ್ ಮಾತ್ರ ಬೇಯದೆ ನಡೆದುಕೊಂಡು ಹೊರಬಂದ. ಮಾಂಸಕ್ಕೆ ಬೆವರಿಲ್ಲ, ಅವನಿಗೆ ಇತ್ತು. ಕೋಣೆ ಒಣಗಿದ್ದರಿಂದ ಅದು ಕೂಡಲೇ ಆರುತ್ತಿತ್ತು. (ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ!)

ಈಗ ಮಂಗಳೂರಿನಲ್ಲಿರುವ ನನ್ನ ಖಾಲಾ ಮನೆಯ ವಿಷಯ. ಕಲಬುರಗಿಯಿಂದ ಹೋದವರಿಗೆ ಅಲ್ಲಿನ 34 ಡಿಗ್ರಿ ಏನೂ ಅಲ್ಲ ಅನ್ನಿಸಬೇಕು. ಆದರೆ ಎರಡೇ ದಿನಕ್ಕೆ ಅಮ್ಮಿ "ಇದಕ್ಕಿಂತ ನಮ್ಮೂರಿನ ಬಿಸಿಲೇ ವಾಸಿ" ಎನ್ನತೊಡಗುತ್ತಾರೆ. ಅವರ ಮಾತಿಗೆ ಲೆಕ್ಕದ ಆಧಾರವೂ ಇದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ, ನೀರು ಆರುತ್ತಾ ಅದು ಎಷ್ಟರವರೆಗೆ ತಣ್ಣಗಾಗಬಲ್ಲದೋ ಆ ಅಂಕಿ ಸಿಗುತ್ತದೆ. ಇದಕ್ಕೆ ವೆಟ್ ಬಲ್ಬ್ ಉಷ್ಣತೆ ಎನ್ನುತ್ತಾರೆ. 42 ಡಿಗ್ರಿ ಇದ್ದು ತೇವಾಂಶ ಶೇ. 15 ಆದರೆ ಈ ಅಂಕಿ ಸುಮಾರು 22. 34 ಡಿಗ್ರಿ ಇದ್ದು ತೇವಾಂಶ ಶೇ. 70 ಆದರೆ ಸುಮಾರು 29. ಅಂದರೆ ಬೆವರಿನ ದೃಷ್ಟಿಯಲ್ಲಿ ಮಂಗಳೂರೇ ಹೆಚ್ಚು ಬಿಸಿ! ನಮ್ಮ ಮನೆಯ ಮಟಕೆಯಲ್ಲಿ ನೀರು ತಣ್ಣಗಾಗುವುದೂ, ಮಳೆಗಾಲದಲ್ಲಿ ಅದೇ ಮಟಕೆ ಅಷ್ಟು ತಂಪು ಕೊಡದಿರುವುದೂ ಇದೇ ಕಾರಣಕ್ಕೆ.

ವೆಟ್ ಬಲ್ಬ್ 35 ಮುಟ್ಟಿದರೆ ನೆರಳಲ್ಲಿ, ಫ್ಯಾನ್ ಕೆಳಗೆ, ನೀರು ಕುಡಿಯುತ್ತಾ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಡೆಯಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಯುವಕ ಯುವತಿಯರನ್ನು ನಿಜವಾಗಿ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ ಸುಮಾರು 31ಕ್ಕೇ ದೇಹದ ಲೆಕ್ಕ ತಪ್ಪತೊಡಗಿತು. ಮುದುಕರಿಗೆ, ಕಾಯಿಲೆಯವರಿಗೆ ಇನ್ನೂ ಮೊದಲೇ ಕಷ್ಟ.

ನಮ್ಮ ಹುಡುಗಿಯರು ಹೆಚ್ಚಾಗಿ ಕೇಳಿಸಿಕೊಳ್ಳುವ ಪ್ರಶ್ನೆ: "ಕಪ್ಪು ಬುರ್ಖಾದಲ್ಲಿ ಸೆಕೆ ಆಗುವುದಿಲ್ಲವೇ?" ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಏಕೆ ಧರಿಸುತ್ತಾರೆ ಎಂಬ ಪ್ರಶ್ನೆಗೆ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಕಪ್ಪು ಬಟ್ಟೆ ಬಿಸಿಲನ್ನು ಹೆಚ್ಚು ಹೀರುತ್ತದೆ, ಅದು ನಿಜ. ಆದರೆ ಅಂಗಿ ಸಡಿಲವಾಗಿದ್ದರೆ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗಿಬಿಡುತ್ತದೆ. ಒಳಗಿನ ಮೈಗೆ ಕಪ್ಪು, ಬಿಳಿ ಎರಡೂ ಒಂದೇ. ಗಾಳಿ ಆಡದ ಬಿಗಿ ನೈಲಾನ್ ಬಟ್ಟೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಅದು ಯಾವ ಬಣ್ಣದ್ದಾದರೂ ಸರಿ.

ಈ ವಿಷಯ ನಾನು ಆರಿಸಿಕೊಳ್ಳಲು ಒಂದು ಕಾರಣವಿದೆ. ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಎಷ್ಟೋ ಹುಡುಗರು ಗಾರೆ ಕೆಲಸಕ್ಕೆ, ಬೇಕರಿಗೆ, ವೆಲ್ಡಿಂಗ್ ಅಂಗಡಿಗೆ ಹೋಗುತ್ತಾರೆ. ನನ್ನ ತಮ್ಮನೂ ಈ ಸಲ ಮಾಮು ಜೊತೆ ಬೇಕರಿ ಭಟ್ಟಿಯ ಮುಂದೆ ನಿಲ್ಲಲಿದ್ದಾನೆ. ಮಾಮುಗೆ ಇಪ್ಪತ್ತು ವರ್ಷದ ಅಭ್ಯಾಸ. ಬಿಸಿಗೆ ಒಗ್ಗಿದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುತ್ತದೆ. ಹೊಸಬನಿಗೆ ಇದು ಬರಲು ಒಂದರಿಂದ ಎರಡು ವಾರ ಬೇಕು. ಅದಕ್ಕೇ ಬಿಸಿಯಲ್ಲಿ ಕುಸಿದು ಬೀಳುವವರಲ್ಲಿ ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನದವರೇ ಹೆಚ್ಚು. ಹೊಸಬರಿಗೆ ಮೊದಲ ದಿನ ಪೂರ್ತಿ ಕೆಲಸದ ಐದರಲ್ಲೊಂದು ಪಾಲು ಮಾತ್ರ ಕೊಟ್ಟು, ದಿನದಿನಕ್ಕೆ ಏರಿಸಬೇಕೆಂಬುದು ತಜ್ಞರ ಸಲಹೆ. ಮಾಮುಗೆ ಇದನ್ನು ಓದಿ ಹೇಳಿದೆ. ಮೊದಲು ನಕ್ಕರು, ಆಮೇಲೆ "ಸರಿ, ಮೊದಲ ವಾರ ಪ್ಯಾಕಿಂಗ್ ಮಾಡಲಿ" ಎಂದರು.

ರೋಜಾ ಇದ್ದು ಇಂಥ ಕೆಲಸ ಮಾಡುವುದು ಇನ್ನೂ ಕಠಿಣ, ಏಕೆಂದರೆ ಹೋದ ನೀರು ಇಫ್ತಾರ್‌ವರೆಗೆ ವಾಪಸ್ ಜಮಾ ಆಗುವುದಿಲ್ಲ. ಪುಣ್ಯಕ್ಕೆ ರಂಜಾನ್ ಪ್ರತಿ ವರ್ಷ 10-11 ದಿನ ಹಿಂದೆ ಸರಿಯುತ್ತಾ ಚಳಿಗಾಲದತ್ತ ಹೋಗುತ್ತಿದೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಶುರುವಾಗಲಿದೆ.

ನಮ್ಮ ದಾದಿ "ಲೂ" ಬಡಿಯುತ್ತದೆ ಎಂದು ಜೇಬಿಗೆ ಈರುಳ್ಳಿ ಹಾಕಿ ಕಳಿಸುತ್ತಾರೆ. ಜೇಬಿನ ಈರುಳ್ಳಿ ಏನೂ ಮಾಡುವುದಿಲ್ಲ. ಅವರೇ ಮಾಡಿಕೊಡುವ ಉಪ್ಪು ಹಾಕಿದ ಮಾವಿನಕಾಯಿ ಶರಬತ್ತು ಮಾತ್ರ ನಿಜವಾದ ಔಷಧಿ, ಹೋದ ನೀರು ಮತ್ತು ಉಪ್ಪು ಎರಡನ್ನೂ ಅದು ತುಂಬುತ್ತದೆ. ಬಿಸಿಲಾಘಾತ ಜ್ವರವಲ್ಲ ಎಂಬುದೂ ತಿಳಿದಿರಬೇಕು. ಜ್ವರದಲ್ಲಿ ಹೈಪೋಥಾಲಮಸ್ ತಾನೇ ಬೇಕೆಂದು ಗುರಿಯನ್ನು 37ರಿಂದ ಮೇಲೇರಿಸುತ್ತದೆ, ಪ್ಯಾರಾಸಿಟಮಾಲ್ ಆ ಗುರಿಯನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಗುರಿ 37ರಲ್ಲೇ ಇದ್ದರೂ ಲೆಕ್ಕ ಕೈಮೀರಿರುತ್ತದೆ, ಮಾತ್ರೆ ಕೆಲಸಕ್ಕೆ ಬಾರದು. ಮೈ 40 ಡಿಗ್ರಿ ದಾಟಿ, ಮಾತು ತೊದಲಿ, ಪ್ರಜ್ಞೆ ತಪ್ಪುವಂತಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ಇರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಚಳಿಯ ಲೆಕ್ಕ ಇದರ ಉಲ್ಟಾ. ಚರ್ಮದ ರಕ್ತನಾಳ ಕುಗ್ಗಿ ಖರ್ಚು ನಿಲ್ಲುತ್ತದೆ, ಅದಕ್ಕೇ ಬೆರಳು ತಣ್ಣಗಾಗುವುದು. ಸಾಲದಿದ್ದರೆ ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ, ಜೋರಾದ ನಡುಕ ನಾಲ್ಕೈದು ಪಟ್ಟು ಶಾಖ ಕೊಡಬಲ್ಲದು. ಆಗ ಹುಟ್ಟಿದ ಕೂಸಿಗೆ ಹೀಗೆ ನಡುಗಲು ಬರುವುದಿಲ್ಲ. ಅದರ ಬೆನ್ನಿನ ಹೆಗಲೆಲುಬುಗಳ ನಡುವೆ ಕಂದು ಕೊಬ್ಬು ಎಂಬ ಸಣ್ಣ ಉಳಿತಾಯ ಖಾತೆ ಇರುತ್ತದೆ, ಅದನ್ನೇ ಸುಟ್ಟು ಬೆಚ್ಚಗಿರುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಆ ಖಾತೆಯಲ್ಲೂ ಹೆಚ್ಚೇನೂ ಇರುವುದಿಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ ಇಂಥ ಕೂಸುಗಳಿಗೆ ಇನ್‌ಕ್ಯುಬೇಟರ್ ಸಾಲದೆ ಹೋದಾಗ, 1978ರ ಸುಮಾರಿಗೆ ವೈದ್ಯ ಎಡ್ಗರ್ ರೇ ಅವುಗಳನ್ನು ತಾಯಂದಿರ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಅದನ್ನೇ ಮಾಡಿಸುತ್ತಾರೆ.