ಐರೋಪ್ಯ ಅಧ್ಯಯನದಲ್ಲಿ ಭಾಷೆಯ ಸ್ಥಾನ

ಒಂದು ಜನಸಮುದಾಯದ ಬಾಳನ್ನು ಅರಿಯಬಯಸುವವನು ಮೊದಲು ಆ ಜನರ ಮಾತನ್ನು ಅರಿಯಬೇಕು. ಇದು ಹೇಳುವುದಕ್ಕೆ ಸುಲಭವಾದ, ಆಚರಿಸುವುದಕ್ಕೆ ಕಷ್ಟವಾದ ತತ್ತ್ವ. ಯೂರೋಪಿನ ಹಲವು ವಿಶ್ವವಿದ್ಯಾನಿಲಯಗಳಲ್ಲಿ ‘ಐರೋಪ್ಯ ಅಧ್ಯಯನ’ ಎಂಬ ಹೆಸರಿನಿಂದ ಒಂದು ಪದವಿ ಶಿಕ್ಷಣವು ನಡೆಯುತ್ತಿದೆ. ಸಂಸ್ಕೃತಿ, ರಾಜಕೀಯ, ಭಾಷೆ ಎಂಬ ಮೂರು ಎಳೆಗಳನ್ನು ಹೊಸೆದು ಮಾಡಿದ ಹುರಿ ಅದು. ಇಂಗ್ಲೆಂಡಿನಲ್ಲಿ 1961ರಲ್ಲಿ ಸ್ಥಾಪಿತವಾದ ಸಸೆಕ್ಸ್ ವಿಶ್ವವಿದ್ಯಾನಿಲಯವು ಆರಂಭಕಾಲದಲ್ಲಿಯೇ ಇದಕ್ಕೆಂದು ಒಂದು ಪ್ರತ್ಯೇಕ ವಿಭಾಗವನ್ನು ತೆರೆದಿತ್ತು. ಪದವಿಪೂರ್ವ ತರಗತಿಯನ್ನು ಮುಗಿಸಿ ಹೊರಡುವ ನಮ್ಮ ವಿದ್ಯಾರ್ಥಿಗಳಲ್ಲಿಯೂ ಈ ಮಾರ್ಗದತ್ತ ಕಣ್ಣಿಟ್ಟವರು ಉಂಟು. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಇಂಗ್ಲಿಷ್ ಬಂದರೆ ಸಾಲದೆ?” ಈ ಪ್ರಶ್ನೆಯ ವಿಚಾರವೇ ಪ್ರಸ್ತುತ ಲೇಖನದ ಉದ್ದೇಶ.

ಹಿಂದಿನ ಕ್ರಮ

ಯೂರೋಪಿನ ಉನ್ನತ ವಿದ್ಯಾಭ್ಯಾಸವು ಹುಟ್ಟಿನಿಂದಲೇ ಭಾಷಾಪ್ರಧಾನವಾದುದು. ಮಧ್ಯಯುಗದ ವಿದ್ಯಾರ್ಥಿಯು ವ್ಯಾಕರಣ, ತರ್ಕ, ಅಲಂಕಾರ ಎಂಬ ಮೂರು ವಿದ್ಯೆಗಳನ್ನು ಮೊದಲು ಕಲಿತು, ಆಮೇಲೆ ಗಣಿತ, ಜ್ಯಾಮಿತಿ, ಖಗೋಳ, ಸಂಗೀತ ಎಂಬ ನಾಲ್ಕಕ್ಕೆ ಏರಬೇಕಾಗಿತ್ತು. ವ್ಯಾಕರಣ, ತರ್ಕ, ಅಲಂಕಾರಗಳನ್ನೇ ಅಡಿಪಾಯವಾಗಿ ಇಟ್ಟುಕೊಂಡ ನಮ್ಮ ವಿದ್ವತ್ ಪರಂಪರೆಗೆ ಈ ಕ್ರಮವು ಅಪರಿಚಿತವಲ್ಲ. ಇಟಲಿಯ ಬೊಲೋನ ವಿಶ್ವವಿದ್ಯಾನಿಲಯವು ತನ್ನ ಸ್ಥಾಪನೆಯ ವರ್ಷವನ್ನು 1088 ಎಂದು ಎಣಿಸುತ್ತದೆ. ಅಲ್ಲಿ ನ್ಯಾಯಶಾಸ್ತ್ರವನ್ನು ಕಲಿಯಲು ಆಲ್ಪ್ಸ್ ಪರ್ವತದ ಆಚೆಯಿಂದಲೂ ಯುವಕರು ಬರುತ್ತಿದ್ದರು. ವಿದ್ಯೆಗಾಗಿ ಸಂಚರಿಸುವ ಇಂತಹವರಿಗೆ ಚಕ್ರವರ್ತಿ ಒಂದನೆಯ ಫ್ರೆಡರಿಕ್ 12ನೆಯ ಶತಮಾನದ ನಡುವಿನಲ್ಲಿ ರಾಜರಕ್ಷಣೆಯನ್ನು ವಿಧಿಸಿದನು. ನಾಡು ಬೇರೆಯಾದ ಇವರೆಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸಿದ್ದು ಲ್ಯಾಟಿನ್ ಭಾಷೆ.

ಕಾಲಕ್ರಮದಲ್ಲಿ ದೇಶಭಾಷೆಗಳು ತಲೆಯೆತ್ತಿದುವು. 14ನೆಯ ಶತಮಾನದ ಆರಂಭದಲ್ಲಿ ಇಟಲಿಯ ಮಹಾಕವಿ ದಾಂತೆ, ತಾಯ್ನುಡಿಯ ಹಿರಿಮೆಯನ್ನು ಪಂಡಿತರಿಗೆ ಮನಗಾಣಿಸಲು ಲ್ಯಾಟಿನ್ನಿನಲ್ಲಿ ಒಂದು ಪ್ರಬಂಧವನ್ನು ಬರೆದನು. ತನ್ನ ಮಹಾಕಾವ್ಯವನ್ನು ಮಾತ್ರ ಜನರ ನುಡಿಯಲ್ಲಿಯೇ ರಚಿಸಿದನು. 1522ರಲ್ಲಿ ಮಾರ್ಟಿನ್ ಲೂಥರನು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ದೇವರ ಮಾತು ಜನರ ಮಾತಿನಲ್ಲಿ ಕೇಳಿಬಂದಾಗ ಸಮಾಜ ಹೇಗೆ ಅಲುಗುತ್ತದೆಂಬುದನ್ನು, 12ನೆಯ ಶತಮಾನದಲ್ಲಿಯೇ ಅನುಭಾವವನ್ನು ಅಚ್ಚಕನ್ನಡದಲ್ಲಿ ನುಡಿದ ಶರಣರ ನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಐರೋಪ್ಯ ಸಂಸ್ಕೃತಿಯ ಇತಿಹಾಸವನ್ನು ಓದುವವನು ಭಾಷೆಗಳ ಈ ಹೋರಾಟವನ್ನು ಬದಿಗಿರಿಸಿದರೆ ಅವನಿಗೆ ದೊರಕುವುದು ಇಸವಿಗಳ ಪಟ್ಟಿಯಷ್ಟೆ.

ರಾಜಕೀಯವೂ ಭಾಷೆಯೂ

ಎರಡು ಮಹಾಯುದ್ಧಗಳಲ್ಲಿ ಬೆಂದ ಯೂರೋಪು ಮತ್ತೆ ಯುದ್ಧಕ್ಕೆ ಎಡೆಯಾಗದಂತೆ ಒಂದು ಕೂಟವನ್ನು ಕಟ್ಟಲು ಹೊರಟಿತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ ಷೂಮನ್ ಅವರು, ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದೇ ಆಡಳಿತದ ಕೆಳಗೆ ತರಬೇಕೆಂಬ ಸಲಹೆಯನ್ನು ಮುಂದಿಟ್ಟರು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದುವು. 1957ರ ರೋಮ್ ಒಪ್ಪಂದದಿಂದ ಆರ್ಥಿಕ ಸಮುದಾಯವೂ, 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಐರೋಪ್ಯ ಒಕ್ಕೂಟವೂ ರೂಪುಗೊಂಡುವು. 2020ರಲ್ಲಿ ಬ್ರಿಟನ್ ಹೊರನಡೆದ ಮೇಲೆ ಅದರಲ್ಲಿ ಉಳಿದಿರುವ ರಾಷ್ಟ್ರಗಳು 27.

ಈ ಒಕ್ಕೂಟಕ್ಕೆ ಏಕಭಾಷೆಯಿಲ್ಲ. 1958ರಲ್ಲಿ ಅದರ ಮೊತ್ತಮೊದಲ ನಿಯಮಾವಳಿಯೇ ಭಾಷೆಗಳನ್ನು ಕುರಿತದ್ದಾಗಿತ್ತೆಂಬುದು ಗಮನಾರ್ಹ. ಅಂದು ನಾಲ್ಕಾಗಿದ್ದ ಅಧಿಕೃತ ಭಾಷೆಗಳು ಇಂದು 24 ಆಗಿವೆ. ಈ ಭಾಷೆಗಳಲ್ಲಿ ಪ್ರಕಟವಾಗುವ ಕಾಯಿದೆಯ ಪಾಠಗಳೆಲ್ಲವೂ ಸಮಾನ ಪ್ರಮಾಣ; ಒಂದು ಮೂಲ, ಉಳಿದವು ಅನುವಾದ ಎಂಬ ಭೇದವನ್ನು ನ್ಯಾಯಾಲಯವು ಒಪ್ಪುವುದಿಲ್ಲ. ಪಾಠಗಳಲ್ಲಿ ವ್ಯತ್ಯಾಸ ಕಂಡುಬಂದರೆ ಲಕ್ಸೆಂಬರ್ಗಿನಲ್ಲಿರುವ ನ್ಯಾಯಾಲಯವು ಅವುಗಳನ್ನು ಹೋಲಿಸಿ, ಕಾಯಿದೆಯ ಒಟ್ಟು ಆಶಯಕ್ಕೆ ಹೊಂದುವಂತೆ ಅರ್ಥ ನಿರ್ಣಯಿಸುತ್ತದೆ. ತಾತ್ಪರ್ಯನಿರ್ಣಯದ ಸೂತ್ರಗಳನ್ನು ಮೀಮಾಂಸಕರಿಂದ ಕಲಿತವರಿಗೆ ಇದು ರುಚಿಸುವ ವಿಷಯ.

ಭಾಷೆಯನ್ನು ಬಿಟ್ಟು ರಾಜಕೀಯವನ್ನು ಓದಿದರೆ ಎಂತಹ ಭ್ರಮೆ ಉಂಟಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳು ಸಾಕು.

ಇಂಗ್ಲಿಷಿನ ‘ಲಾ’ ಎಂಬ ಒಂದೇ ಶಬ್ದವಿರುವ ಎಡೆಯಲ್ಲಿ ಫ್ರೆಂಚರಿಗೆ ‘ದ್ರುವಾ’, ‘ಲ್ವಾ’ ಎಂಬ ಎರಡು ಶಬ್ದಗಳಿವೆ. ಜರ್ಮನರಿಗೆ ‘ರೆಖ್ಟ್’, ‘ಗೆಜೆಟ್ಸ್’ ಎಂಬ ಎರಡು. ಮೊದಲನೆಯದು ನ್ಯಾಯವ್ಯವಸ್ಥೆಯನ್ನೂ ಹಕ್ಕನ್ನೂ ಒಳಗೊಂಡ ವಿಶಾಲ ಪರಿಕಲ್ಪನೆ. ಎರಡನೆಯದು ಶಾಸನಸಭೆಯು ಮಾಡಿದ ಕಾಯಿದೆ. ಒಂದು ಕಾಯಿದೆಯು ನ್ಯಾಯಕ್ಕೆ ವಿರುದ್ಧವಾಗಿರಬಹುದೆ ಎಂಬ ಪ್ರಶ್ನೆಯು ಜರ್ಮನಿಯಲ್ಲಿ ನಾಟ್ಸಿ ಆಡಳಿತವು ಅಳಿದ ಬಳಿಕ ತೀವ್ರವಾಗಿ ಚರ್ಚಿತವಾಯಿತು. 1949ರಲ್ಲಿ ಆ ದೇಶವು ರಚಿಸಿಕೊಂಡ ಮೂಲಶಾಸನವು ಆಡಳಿತವೂ ನ್ಯಾಯಾಂಗವೂ ಈ ಎರಡಕ್ಕೂ ಬದ್ಧವೆಂದು ಎರಡು ಶಬ್ದಗಳನ್ನೂ ಬೇರೆಬೇರೆಯಾಗಿ ಬಳಸಿ ವಿಧಿಸುತ್ತದೆ. ಎರಡನ್ನೂ ‘ಲಾ’ ಎಂದೇ ಓದಿಕೊಂಡವನಿಗೆ ಆ ವಾಕ್ಯವು ಪುನರುಕ್ತಿಯಾಗಿ ತೋರುತ್ತದೆ. ಒಂದು ರಾಷ್ಟ್ರವು ತನ್ನ ಪಾಪದಿಂದ ಕಲಿತ ಪಾಠವು ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯದು ‘ಫೆಡರಲ್’ ಎಂಬ ಶಬ್ದ. 1991ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದದ ಕರಡಿನಲ್ಲಿ ಈ ಶಬ್ದವಿತ್ತು. ಬ್ರಿಟನ್ನಿನ ವಿರೋಧದಿಂದ ಅದು ಕೈಬಿಟ್ಟುಹೋಯಿತು. ಆ ಕಾಲದ ಬ್ರಿಟಿಷ್ ರಾಜಕಾರಣಿಗಳ ಕಿವಿಗೆ ಆ ಶಬ್ದವು ಅಧಿಕಾರವೆಲ್ಲ ದೂರದ ಒಂದು ರಾಜಧಾನಿಯಲ್ಲಿ ಕೇಂದ್ರೀಕೃತವಾಗುವ ಭಯವನ್ನು ಸೂಚಿಸುತ್ತಿತ್ತು. ಜರ್ಮನರಿಗಾದರೋ ಅದರ ಅರ್ಥ ಬಹುಮಟ್ಟಿಗೆ ವಿಪರೀತ: ಅಧಿಕಾರವು ಒಂದೆಡೆ ಹೆಪ್ಪುಗಟ್ಟದಂತೆ ಪ್ರಾಂತಗಳಿಗೆ ಹಂಚುವ ವ್ಯವಸ್ಥೆ. ಅಕ್ಷರಗಳು ಹೆಚ್ಚು ಕಡಿಮೆ ಅವೇ. ಅವುಗಳ ಹಿಂದೆ ನಿಂತ ಇತಿಹಾಸಗಳು ಬೇರೆ. ನಿಘಂಟಿನಿಂದ ಶಬ್ದವನ್ನು ತಿಳಿಯಬಹುದು, ಶಬ್ದದ ಅಂಜಿಕೆಯನ್ನೂ ಅಭಿಮಾನವನ್ನೂ ತಿಳಿಯಲಾಗದು. ಅದಕ್ಕೆ ಆ ಭಾಷೆಯ ಪತ್ರಿಕೆಗಳನ್ನೂ ಭಾಷಣಗಳನ್ನೂ ಕಾವ್ಯವನ್ನೂ ಓದಬೇಕು.

ಕನ್ನಡ ವಿದ್ಯಾರ್ಥಿಗೆ ಇರುವ ಅನುಕೂಲ

ಇಷ್ಟು ಕೇಳಿದ ಮೇಲೆ, “ಪರದೇಶದ ಭಾಷೆಗಳು ನಮ್ಮ ಪಾಲಿಗೆ ಕಬ್ಬಿಣದ ಕಡಲೆ” ಎಂದು ವಿದ್ಯಾರ್ಥಿಗಳು ಎದೆಗುಂದಬೇಕಾಗಿಲ್ಲ. ಕನ್ನಡವನ್ನೂ ಅಲ್ಪಸ್ವಲ್ಪ ಸಂಸ್ಕೃತವನ್ನೂ ಕ್ರಮವಾಗಿ ಕಲಿತವನಿಗೆ ಎರಡು ಬಾಗಿಲುಗಳು ಆಗಲೇ ತೆರೆದಿವೆ.

ಐರೋಪ್ಯ ಭಾಷೆಗಳಲ್ಲಿ ಬಹುಪಾಲು ಸಂಸ್ಕೃತದೊಡನೆ ಒಂದೇ ಮನೆತನಕ್ಕೆ ಸೇರಿದವು. ಸಂಸ್ಕೃತದ ‘ಪಿತೃ’, ಗ್ರೀಕಿನ ‘ಪತೇರ್’, ಲ್ಯಾಟಿನ್ನಿನ ‘ಪತೆರ್’, ಜರ್ಮನಿನ ‘ಫಾಟರ್’, ಇಂಗ್ಲಿಷಿನ ‘ಫಾದರ್’ ಇವುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಜರ್ಮನ್ ಮತ್ತು ಇಂಗ್ಲಿಷುಗಳಲ್ಲಿ ಪಕಾರವು ಫಕಾರವಾಗಿರುವುದು ಕಾಣುತ್ತದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದುದನ್ನು ಬಲ್ಲವನಿಗೆ ಇಂತಹ ಧ್ವನಿವ್ಯತ್ಯಾಸವು ಸೋಜಿಗವಲ್ಲ. ಹಿಟ್ಟು ಎಂಬರ್ಥದ ಲ್ಯಾಟಿನ್ ಶಬ್ದ ‘ಫರೀನ’. ಅದೇ ಸ್ಪ್ಯಾನಿಷಿನಲ್ಲಿ ಹಕಾರಾದಿಯಾಗಿ ಬರೆಯಲ್ಪಟ್ಟು, ಇಂದು ‘ಅರೀನ’ ಎಂದು ಉಚ್ಚರಿಸಲ್ಪಡುತ್ತದೆ. ಹಕಾರವನ್ನು ನುಂಗುವ ರೂಢಿಯು ನಮ್ಮ ಕೆಲವು ಸೀಮೆಗಳ ಆಡುನುಡಿಯಲ್ಲಿಯೂ ಉಂಟಷ್ಟೆ. ಇನ್ನು ಜರ್ಮನಿನ ನಾಲ್ಕು ವಿಭಕ್ತಿ, ಮೂರು ಲಿಂಗಗಳು ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿದವನನ್ನು ಹೆದರಿಸಲಾರವು.

ಎರಡನೆಯ ಬಾಗಿಲು ಕನ್ನಡದ್ದೇ. ಹಂಗೇರಿಯ ಭಾಷೆ, ಫಿನ್ಲೆಂಡಿನ ಭಾಷೆಗಳು ಆ ಮನೆತನಕ್ಕೆ ಸೇರದೆ ಬೇರೆಯಾಗಿ ನಿಂತಿವೆ. ಅವು ಪ್ರಕೃತಿಗೆ ಪ್ರತ್ಯಯಗಳನ್ನು ಒಂದರ ಮೇಲೊಂದು ಪೋಣಿಸುವ ಭಾಷೆಗಳು. ಹಂಗೇರಿಯನ್ನಿನಲ್ಲಿ ‘ಹಾಜ್’ ಎಂದರೆ ಮನೆ. ‘ಹಾಜಕ್’ ಎಂದರೆ ಮನೆಗಳು. ‘ಹಾಜಕ್‌ಬನ್’ ಎಂದರೆ ಮನೆಗಳಲ್ಲಿ. ಪ್ರಕೃತಿ, ಬಹುವಚನ, ವಿಭಕ್ತಿ ಎಂಬ ಈ ಅನುಕ್ರಮವು ‘ಮನೆ-ಗಳ್-ಅಲ್ಲಿ’ ಎಂಬಲ್ಲಿಯೂ ಹಾಗೆಯೇ ಇದೆ. ಇದರಿಂದ ಈ ಎರಡು ಭಾಷೆಗಳಿಗೂ ರಕ್ತಸಂಬಂಧವನ್ನು ಕಲ್ಪಿಸುವುದು ತಪ್ಪು. ರಚನೆಯ ಸಾಮ್ಯವಷ್ಟೇ ಇಲ್ಲಿರುವುದು. ಆದರೆ ಇಂಗ್ಲಿಷ್ ಮಾತ್ರ ಬಲ್ಲವನು ತೊಡರುವ ಎಡೆಯಲ್ಲಿ ಕನ್ನಡಿಗನು ನಿರಾಯಾಸವಾಗಿ ನಡೆಯಬಲ್ಲನೆಂಬುದು ದಿಟ.

ಭಾಷಾಸಾಮರ್ಥ್ಯವನ್ನು ಅಳೆಯಲು ಐರೋಪ್ಯ ಮಂಡಳಿಯು 2001ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಿವೆ. ಷಟ್‌ಸ್ಥಲದ ಹೆಸರು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಈ ಸಂಖ್ಯೆಯ ಹೊಂದಿಕೆ ಆಕಸ್ಮಿಕವೆಂದು ಹೇಳಬೇಕಾದರೂ, ಸ್ಥಲದಿಂದ ಸ್ಥಲಕ್ಕೆ ಸಾಧನೆಯಿಂದ ಏರಬೇಕೆಂಬ ತತ್ತ್ವ ಹೊಸದಲ್ಲ. ಆ ನಾಡಿನ ಭಾಷೆಯಲ್ಲಿಯೇ ಪಾಠ ಕೇಳಬೇಕಾದರೆ ಸಾಮಾನ್ಯವಾಗಿ ನಾಲ್ಕನೆಯ ಅಥವಾ ಐದನೆಯ ಮೆಟ್ಟಿಲನ್ನಾದರೂ ಮುಟ್ಟಿರಬೇಕು. ನಮ್ಮ ದೇಶದಲ್ಲಿಯೇ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯಗಳಲ್ಲಿ ಐರೋಪ್ಯ ಭಾಷೆಗಳಿಗೆ ಪದವಿ ಶಿಕ್ಷಣವಿದೆ.

ಸಂಚಾರವೇ ಶಿಕ್ಷಣ

ಹಳೆಯ ಕಾಲದ ವಿದ್ಯಾಸಂಚಾರವು 1987ರಲ್ಲಿ ಹೊಸ ರೂಪವನ್ನು ತಾಳಿತು. ಒಂದು ದೇಶದ ವಿದ್ಯಾರ್ಥಿಯು ತನ್ನ ಪದವಿಯ ಒಂದು ಭಾಗವನ್ನು ಮತ್ತೊಂದು ದೇಶದಲ್ಲಿ ಪೂರೈಸುವ ‘ಎರಾಸ್ಮಸ್’ ಯೋಜನೆಯು ಆ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳೊಡನೆ ಆರಂಭವಾಯಿತು. 1999ರಲ್ಲಿ 29 ದೇಶಗಳು ಬೊಲೋನದಲ್ಲಿಯೇ ಕೂಡಿ, ಪದವಿಗಳ ಕ್ರಮವು ಪರಸ್ಪರ ಹೊಂದುವಂತಿರಬೇಕೆಂಬ ಘೋಷಣೆಗೆ ಸಹಿ ಹಾಕಿದುವು. ನಿಂತಲ್ಲೇ ನಿಲ್ಲದೆ ಚಲಿಸುತ್ತ ಅರಿವನ್ನು ಹಂಚುವ ಜಂಗಮತ್ವವನ್ನು ಗೌರವಿಸುವ ನಾವು ಈ ವ್ಯವಸ್ಥೆಯ ಬೆಲೆಯನ್ನು ಬಲ್ಲೆವು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಕಣ್ಣಮುಂದಿದೆ. ಇಂಗ್ಲೆಂಡಿನಲ್ಲಿ 2004ರಿಂದ 14 ವರ್ಷ ದಾಟಿದ ಮಕ್ಕಳಿಗೆ ವಿದೇಶೀ ಭಾಷೆಯ ಕಲಿಕೆ ಕಡ್ಡಾಯವಲ್ಲವೆಂದಾಯಿತು. ಫ್ರೆಂಚ್, ಜರ್ಮನ್ ಕಲಿಯುವವರ ಸಂಖ್ಯೆ ಕುಸಿಯಿತು. ಹಲವು ವಿಶ್ವವಿದ್ಯಾನಿಲಯಗಳು ಭಾಷಾವಿಭಾಗಗಳನ್ನು ಮುಚ್ಚಿದುವು. ಒಕ್ಕೂಟವನ್ನು ತೊರೆದ ಬ್ರಿಟನ್ ಎರಾಸ್ಮಸ್ ಯೋಜನೆಯಿಂದಲೂ ಹೊರಬಂದಿತು. 2025ರ ಕೊನೆಯಲ್ಲಿ, 2027ರಿಂದ ಅದನ್ನು ಮರಳಿ ಸೇರಲು ಒಪ್ಪಿಕೊಂಡಿತು. ಜಗತ್ತೆಲ್ಲ ತನ್ನ ಭಾಷೆಯನ್ನೇ ಕಲಿಯುತ್ತಿದೆಯೆಂಬ ನೆಮ್ಮದಿಯಲ್ಲಿ ಪರಭಾಷೆಯನ್ನು ಬಿಟ್ಟವನು, ನೆರೆಮನೆಯವರು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ಕೇಳಿಸಿಕೊಳ್ಳಲಾರ. ಇಂಗ್ಲಿಷ್ ಸಾಲದೆ ಎಂಬ ಪ್ರಶ್ನೆಗೆ ಇಂಗ್ಲೆಂಡೇ ಕೊಟ್ಟ ಉತ್ತರವಿದು.

ತಾಯ್ನುಡಿಯ ಬುನಾದಿ

ಎರಾಸ್ಮಸ್ ಎಂಬುದು 16ನೆಯ ಶತಮಾನದ ಡಚ್ ವಿದ್ವಾಂಸನ ಹೆಸರು. ಗ್ರೀಕ್ ಮೂಲವನ್ನು ಓದದೆ ಧರ್ಮಗ್ರಂಥದ ಅರ್ಥವನ್ನು ನಿರ್ಣಯಿಸಲಾಗದೆಂದು ನಂಬಿದ ಆತನು, 1516ರಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದನು. ಅಲ್ಲಿಯೇ 1536ರಲ್ಲಿ ತೀರಿಕೊಂಡನು. ಅದೇ ಬಾಸೆಲ್ಲಿನ ಮಿಷನ್ ಶಾಲೆಯಲ್ಲಿ ಓದಿ 1853ರಲ್ಲಿ ನಮ್ಮ ನಾಡಿಗೆ ಬಂದವರು ಫರ್ಡಿನಂಡ್ ಕಿಟ್ಟೆಲ್. ಅವರು ಬಂದುದು ಮತಪ್ರಚಾರಕ್ಕೆ; ಆದರೆ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಕನ್ನಡಿಗರನ್ನು ಅರಿಯಲು ಇಂಗ್ಲಿಷ್ ಸಾಕೆಂದು ಅವರು ಬಗೆದಿದ್ದರೆ ಆ ಮಹಾಗ್ರಂಥ ಹುಟ್ಟುತ್ತಿರಲಿಲ್ಲ. ಯೂರೋಪಿನ ವಿಷಯದಲ್ಲಿ ನಾವು ಅಷ್ಟೇ ಶ್ರಮವನ್ನು ಪಡುವುದು ನ್ಯಾಯ.

ಕಡೆಯದಾಗಿ ಒಂದು ಮಾತು. ಐರೋಪ್ಯ ಒಕ್ಕೂಟದ ಭಾಷಾಂತರಕಾರರು ಸಾಮಾನ್ಯವಾಗಿ ಪರಭಾಷೆಯಿಂದ ತಮ್ಮ ತಾಯ್ನುಡಿಗೆ ಅನುವಾದಿಸುತ್ತಾರೆ. ಆದುದರಿಂದ ಅಲ್ಲಿ ಮೊದಲು ಪರೀಕ್ಷೆಗೆ ಗುರಿಯಾಗುವುದು ಸ್ವಭಾಷೆಯ ಮೇಲಿನ ಪ್ರಭುತ್ವ. ಇದರ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಮನಸ್ಸಿಗೆ ತಂದುಕೊಳ್ಳಬೇಕು. ಕನ್ನಡದಲ್ಲಿ ಒಂದು ಪುಟವನ್ನು ತಪ್ಪಿಲ್ಲದೆ ಬರೆಯಲಾರದವನಿಗೆ ಫ್ರೆಂಚ್ ಒಲಿಯುವುದು ಕಷ್ಟ. ಮೊದಲು ತಾಯ್ನುಡಿಯಲ್ಲಿ ಬೇರೂರಿರಿ. ಬಳಿಕ ಯೂರೋಪಿನ ಯಾವುದಾದರೂ ಒಂದೇ ಭಾಷೆಯನ್ನು ಹಿಡಿದು, ಆ ಜನರ ಪತ್ರಿಕೆಯನ್ನು ನಿಘಂಟಿನ ಹಂಗಿಲ್ಲದೆ ಓದುವವರೆಗೆ ಬಿಡದೆ ಸಾಧಿಸಿರಿ. ಆಮೇಲೆ ಅವರ ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ತೆರೆದರೆ, ಪುಸ್ತಕದಲ್ಲಿರುವ ಜನರು ನಿಮ್ಮೊಡನೆ ತಮ್ಮ ಮಾತಿನಲ್ಲಿಯೇ ಮಾತನಾಡುವರು.