ಬೆಳೆಗಾರರಿಗೆ ಸ್ವಂತ ಜಾಲತಾಣ: ಹೊಸಬರು ಸಾಧನ ಆರಿಸುವ ಬಗೆ



ಭೂಮಿಯ ಗುಣ ನೋಡದೆ ತಳಿ ಆರಿಸುವ ರೈತರಿಲ್ಲ. ಸ್ವಂತ ಜಾಲತಾಣ, ಅಂದರೆ ವೆಬ್‌ಸೈಟ್ ಕಟ್ಟುವಾಗಲೂ ಇದೇ ವಿವೇಕ ಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬೆಳೆಗಾರರು ಈ ವಿಷಯದಲ್ಲಿ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ತಿಳಿಸಲಾಗಿದೆ.

ಯಾರಿಗೆ ಪ್ರಯೋಜನ?

ಮೆಕ್ಕೆಜೋಳವನ್ನು ಲಾರಿಗಟ್ಟಲೆ ಮಂಡಿಗೆ ಹಾಕುವವರಿಗೆ ಜಾಲತಾಣದಿಂದ ಹೆಚ್ಚಿನ ಲಾಭವಿಲ್ಲ. ಬೀಜ ತೆಗೆದ ಹುಣಸೆ, ಗಾಣದ ಶೇಂಗಾ ಎಣ್ಣೆ, ನವಣೆ ಅಕ್ಕಿ ಮುಂತಾದವನ್ನು ನೇರವಾಗಿ ಬಳಕೆದಾರರಿಗೆ ಮಾರುವವರಿಗೆ ಇದು ಉಪಯುಕ್ತ. ಮಲ್ಲಿಗೆ ಮೊಗ್ಗು ಕೊಯ್ದ ದಿನವೇ ಸಾಗಬೇಕಾದ ಮಾಲು. ಆದುದರಿಂದ ಹೂವಿನ ಬೆಳೆಗಾರರು ಮದುವೆ, ಜಾತ್ರೆಗಳಿಗೆ ಮುಂಗಡ ಬೇಡಿಕೆ ಪಡೆಯಲು ಮಾತ್ರ ಇದನ್ನು ಬಳಸುವುದು ಒಳ್ಳೆಯದು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ನೋಂದಣಿ ಇದೆ. ಆ ಗುರುತನ್ನು ಪುಟದಲ್ಲಿ ಹಾಕುವವರು ಮೊದಲು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸತಕ್ಕದ್ದು.

ಸಾಧನಗಳ ಗುಣದೋಷ

1. ಗೂಗಲ್ ಸೈಟ್ಸ್: ಹೊಸಬರಿಗೆ ಅತಿ ಸುಲಭ. ಜೀಮೇಲ್ ಖಾತೆ ಇದ್ದರೆ ಸಾಕು, ಶುಲ್ಕವಿಲ್ಲ, ಜಾಹೀರಾತೂ ಬರುವುದಿಲ್ಲ. ಪುಟ ಕಟ್ಟಲು ಮಾತ್ರ ಕಂಪ್ಯೂಟರ್ ಬೇಕು. ಬೇರೆಯವರ ಕಂಪ್ಯೂಟರ್ ಬಳಸಿದರೆ ಕೆಲಸ ಮುಗಿದೊಡನೆ ಖಾತೆಯಿಂದ ಹೊರಬರಲು ಮರೆಯಬಾರದು. ಇಲ್ಲಿ ಕಟ್ಟಿದ್ದನ್ನು ಮುಂದೆ ಬೇರೆ ಸಾಧನಕ್ಕೆ ಸಾಗಿಸುವುದು ಕಷ್ಟ.

2. ವರ್ಡ್‌ಪ್ರೆಸ್ ಡಾಟ್ ಕಾಮ್: ಮೊಬೈಲಿನಿಂದಲೇ ಬರೆದು ತಿದ್ದಬಹುದು. ವಾರಕ್ಕೊಮ್ಮೆ ದರ, ದಾಸ್ತಾನು ಬದಲಿಸುವವರಿಗೆ ಸೂಕ್ತ. ಬರೆದದ್ದನ್ನೆಲ್ಲ ಹೊರತೆಗೆದು ಬೇರೆಡೆಗೆ ಒಯ್ಯುವ ಅನುಕೂಲವಿದೆ. ಉಚಿತ ಯೋಜನೆಯಲ್ಲಿ ಅವರ ಜಾಹೀರಾತು ಇರುತ್ತದೆ. ಸ್ವಂತ ವಿಳಾಸ ಜೋಡಿಸಲು ಹಣ ಕಟ್ಟಬೇಕು.

3. ವಿಕ್ಸ್: ಸಿದ್ಧ ಮಾದರಿಗಳು ಅಂದವಾಗಿವೆ. ಉಚಿತ ಯೋಜನೆಯಲ್ಲಿ ಇಲ್ಲಿಯೂ ಜಾಹೀರಾತು ಬರುತ್ತದೆ, ಸ್ವಂತ ವಿಳಾಸಕ್ಕೆ ಹಣ ಬೇಕು. ಕಟ್ಟಿದ ತಾಣವನ್ನು ಬೇರೆಡೆಗೆ ಒಯ್ಯಲು ಬರುವುದಿಲ್ಲ.

ಬಾಡಿಗೆ ಸರ್ವರ್ ಪಡೆದು ತಾವೇ ಎಲ್ಲವನ್ನೂ ನಡೆಸುವ ವಿಧಾನವೂ ಉಂಟು. ಸುರಕ್ಷತೆಯ ಹೊಣೆ ನಮ್ಮ ಮೇಲೆಯೇ ಬೀಳುವುದರಿಂದ ಹೊಸಬರು ಅದರಿಂದ ಆರಂಭಿಸುವುದು ಬೇಡ.

ಆಯ್ಕೆ ಹೇಗೆ?

ಒಮ್ಮೆ ಬರೆದು ವರ್ಷಗಟ್ಟಲೆ ಇಡುವ ಒಂದೆರಡು ಪುಟಗಳಾದರೆ ಗೂಗಲ್ ಸೈಟ್ಸ್ ಸಾಕು. ಮೊಬೈಲ್ ಒಂದೇ ಇದ್ದು, ಮಾಹಿತಿ ಮೇಲಿಂದ ಮೇಲೆ ಬದಲಾಗುವುದಾದರೆ ವರ್ಡ್‌ಪ್ರೆಸ್ ಆರಿಸುವುದು. ಮೊದಲು ಒಂದು ಹಂಗಾಮು ಉಚಿತವಾಗಿ ನಡೆಸಿ, ಗಿರಾಕಿಗಳು ಬಂದರೆ ಮಾತ್ರ ಹಣ ಹಾಕಿರಿ. ಕಾಲೆಕರೆಯಲ್ಲಿ ಹೊಸ ತಳಿ ಬಿತ್ತಿ ನೋಡಿದಂತೆ ಇದು.

ವಿಳಾಸ ಯಾರ ಹೆಸರಿನಲ್ಲಿ?

ಇದು ಎಲ್ಲಕ್ಕಿಂತ ಮುಖ್ಯ. ನಮಗೆ ತಿಳಿದ ಬೆಳೆಗಾರರೊಬ್ಬರು ಹಣ ಕೊಟ್ಟು ಜಾಲತಾಣ ಮಾಡಿಸಿದರು, ಚೀಲಗಳ ಮೇಲೂ ಅದರ ವಿಳಾಸ ಅಚ್ಚು ಹಾಕಿಸಿದರು. ವಿಳಾಸ ನೋಂದಣಿಯಾಗಿದ್ದು ಮಾಡಿಕೊಟ್ಟವರ ಹೆಸರಿನಲ್ಲಿ. ನವೀಕರಣದ ಸೂಚನೆ ಅವರ ಇಮೇಲಿಗೆ ಹೋಯಿತು, ಇವರಿಗೆ ತಿಳಿಯಲಿಲ್ಲ. ಅವಧಿ ಮುಗಿದು ವಿಳಾಸ ಕೈತಪ್ಪಿತು, ಅಚ್ಚಾದ ಚೀಲಗಳು ವ್ಯರ್ಥವಾದವು. ಪಹಣಿ ಇನ್ನೊಬ್ಬರ ಹೆಸರಿನಲ್ಲಿರುವ ಹೊಲದಲ್ಲಿ ಬಾವಿ ತೋಡಿದಂತೆಯೇ ಇದು. ಆದುದರಿಂದ ವಿಳಾಸ, ಇಮೇಲ್, ಗುಪ್ತಪದ ಮೂರೂ ತಮ್ಮ ಹೆಸರಿನಲ್ಲಿಯೇ ಇರತಕ್ಕದ್ದು. ಡಾಟ್ ಇನ್ ಅಲ್ಲದೆ, ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಕೊನೆಗೊಳ್ಳುವ ವಿಳಾಸವೂ ಇದೆ.

ಪಾಲಿಸಬೇಕಾದ ಕ್ರಮಗಳು

* ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿರಿ. ನುಡಿ, ಬರಹಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬರೆದದ್ದು ಓದುಗರ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.
* ಮೊದಲ ಪುಟದಲ್ಲಿಯೇ ಊರು, ತಾಲ್ಲೂಕು, ಬೆಳೆ, ಮಾಲು ಸಿಗುವ ತಿಂಗಳು, ಫೋನ್ ಸಂಖ್ಯೆ ಇರಲಿ.
* ಚಿತ್ರಗಳ ಗಾತ್ರ ಕಡಿಮೆ ಮಾಡಿ ಹಾಕಿರಿ. ನೆಟ್‌ವರ್ಕ್ ಮಂದವಿದ್ದಲ್ಲಿಯೂ ಪುಟ ಬೇಗ ತೆರೆಯುತ್ತದೆ.
* ಪ್ರಕಟಿಸಿದ ಮೇಲೆ ಬೇರೆಯವರ ಮೊಬೈಲಿನಲ್ಲಿ ತೆರೆದು ಪರೀಕ್ಷಿಸಿರಿ.
* ಬರಹ, ಚಿತ್ರಗಳ ಒಂದು ಪ್ರತಿ ತಮ್ಮಲ್ಲಿರಲಿ.

ಎಚ್ಚರಿಕೆ: ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಗಿರಾಕಿ ಎಂದು ಹೇಳಿಕೊಂಡು ಪಿನ್ ಅಥವಾ ಓಟಿಪಿ ಕೇಳಿದವರಿಗೆ ಕೊಡಬಾರದು.

ಜಾಲತಾಣ ಗಿರಾಕಿಯನ್ನು ಬಾಗಿಲವರೆಗೆ ಕರೆತರಬಲ್ಲದು. ಅವರು ಮತ್ತೊಮ್ಮೆ ಬರುವುದು ಮಾಲಿನ ಗುಣ ಮತ್ತು ಸರಿಯಾದ ತೂಕದಿಂದ ಎಂಬುದನ್ನು ರೈತ ಬಾಂಧವರು ನೆನಪಿನಲ್ಲಿಡಬೇಕು.