ದಾಖಲೆಗಳನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸುವುದು: ಒಂಬತ್ತನೇ ತರಗತಿಯ ಒಂದು ಪಾಠ ಮತ್ತು ಅದರಲ್ಲಿ ನಾನು ತಿದ್ದಿಕೊಂಡದ್ದು

ಪೀಠಿಕೆ

ಬಿ.ಎಸ್ಸಿ. ಮುಗಿಸಿದ ವರ್ಷ ನಾನು ಒಂದು ಕಚೇರಿಗೆ ಅರ್ಜಿ ಕಳುಹಿಸಿದ್ದೆ. ಅರ್ಜಿ, ಅಂಕಪಟ್ಟಿಗಳ ನಕಲು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಜೊತೆಗೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಅಗತ್ಯವಾದ 371ಜೆ ಅರ್ಹತಾ ಪ್ರಮಾಣಪತ್ರ. ರಿಜಿಸ್ಟರ್ ಪೋಸ್ಟ್ ಮಾಡಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡೆ. ಎರಡು ತಿಂಗಳ ನಂತರ "371ಜೆ ಪ್ರಮಾಣಪತ್ರ ಲಗತ್ತಿಸಿಲ್ಲ" ಎಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಇಟ್ಟಿದ್ದೆ ಎಂಬುದು ನನ್ನ ನಂಬಿಕೆ. ಆದರೆ ತೋರಿಸಲು ಏನೂ ಇರಲಿಲ್ಲ. ಲಕೋಟೆ ತಲುಪಿದೆ ಎಂದು ರಸೀದಿ ಹೇಳುತ್ತಿತ್ತು. ಒಳಗೆ ಏನಿತ್ತು ಎಂದು ಅದು ಹೇಳುತ್ತಿರಲಿಲ್ಲ. ಒಂದು ವರ್ಷ ಹೋಯಿತು.

2025ರ ಡಿಸೆಂಬರ್‌ನಲ್ಲಿ ನೌಬಾದದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸಕ್ಕೆ ನನ್ನನ್ನು ನಿಯೋಜಿಸಿದಾಗ, ಗಣಿತದ ಘಟಕಗಳ ಜೊತೆಗೆ ಒಂದು ಜೀವನ ಕೌಶಲ ಪಾಠವನ್ನೂ ಮಾಡಬೇಕಿತ್ತು. ಇದೇ ವಿಷಯವನ್ನು ಆರಿಸಿಕೊಂಡೆ. ಆ ಮಕ್ಕಳಲ್ಲಿ ಹಲವರ ಮನೆಯವರು ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದವರು. ಮನೆಯ ಅರ್ಜಿ ಬರೆಯುವವರು ಈ ಮಕ್ಕಳೇ. ಪಾಠದಲ್ಲಿ ಏನು ಸರಿಹೋಯಿತು, ಎಲ್ಲಿ ನಾನು ತಪ್ಪಿದೆ, ಮರುಬೋಧನೆಯಲ್ಲಿ ಹೇಗೆ ತಿದ್ದಿಕೊಂಡೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಕಲಿಕಾ ಉದ್ದೇಶಗಳು

1. ಅರ್ಜಿಯೊಂದಿಗೆ ಕಳುಹಿಸುವ ದಾಖಲೆಗಳನ್ನು ಕ್ರಮವಾಗಿ ಜೋಡಿಸಿ, ಹಾಳೆವಾರು ಲಗತ್ತುಗಳ ಪಟ್ಟಿ ಬರೆಯುವುದು.
2. ವಿಳಾಸ ಮತ್ತು ಪಿನ್ ಕೋಡ್ ಅನ್ನು ಸರಿಯಾಗಿ ಬರೆಯುವುದು.
3. ತೂಕ ಮತ್ತು ದರಪಟ್ಟಿಯಿಂದ ಅಂಚೆ ವೆಚ್ಚವನ್ನು ಲೆಕ್ಕ ಹಾಕುವುದು.
4. ರಸೀದಿಯು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂದು ವಿವೇಚಿಸುವುದು.

ಬೋಧನೋಪಕರಣಗಳು

ಮಾದರಿ ಅರ್ಜಿ ಮತ್ತು ಮಾದರಿ ಪ್ರಮಾಣಪತ್ರಗಳ ಝರಾಕ್ಸ್ (ಯಾವ ವಿದ್ಯಾರ್ಥಿಯ ನಿಜವಾದ ದಾಖಲೆಯನ್ನೂ ಬಳಸಲಿಲ್ಲ), ಎ4 ಅಳತೆಯ ಕಂದು ಲಕೋಟೆಗಳು, ವಿಜ್ಞಾನ ಪ್ರಯೋಗಾಲಯದ ಎಲೆಕ್ಟ್ರಾನಿಕ್ ತಕ್ಕಡಿ, ಅಂಚೆ ದರಪಟ್ಟಿಯ ಚಾರ್ಟ್.

ಮೊದಲ ಅವಧಿ: ಸಿದ್ಧತೆ ('ಎ' ವಿಭಾಗ)

ಆರು ಗುಂಪು ಮಾಡಿ ಪ್ರತಿ ಗುಂಪಿಗೂ ಆರು ಹಾಳೆ ಕೊಟ್ಟೆ: ಮುಖಪತ್ರ 1, ಅರ್ಜಿ ನಮೂನೆ 2, ಅಂಕಪಟ್ಟಿಯ ನಕಲು 1, ಆದಾಯ ಪ್ರಮಾಣಪತ್ರದ ನಕಲು 1, 371ಜೆ ಪ್ರಮಾಣಪತ್ರದ ನಕಲು 1. ಮೂಲ ದಾಖಲೆಯನ್ನು ಕೇಳಿದ ಹೊರತು ಅಂಚೆಯಲ್ಲಿ ಕಳುಹಿಸಬಾರದು, ನಕಲಿನ ಪ್ರತಿ ಹಾಳೆಯ ಮೇಲೂ "ಮೂಲದ ನಿಜ ಪ್ರತಿ" ಎಂದು ಬರೆದು ಸಹಿ ಮತ್ತು ದಿನಾಂಕ ಹಾಕಬೇಕು ಎಂಬುದನ್ನು ಹೇಳಿ ಮಾಡಿಸಿದೆ. ಕೊನೆಯ ದಿನಾಂಕ ಎಂದರೆ ಅಂಚೆಗೆ ಹಾಕುವ ದಿನವೋ ಕಚೇರಿಗೆ ತಲುಪುವ ದಿನವೋ ಎಂದು ಪ್ರಕಟಣೆಯಲ್ಲಿ ಮೊದಲೇ ನೋಡಿಕೊಳ್ಳಬೇಕು ಎಂಬುದನ್ನೂ ಚರ್ಚಿಸಿದೆವು.

ವಿಳಾಸ ಬರೆಯುವಾಗ ಮಕ್ಕಳ ಅನುಭವ ಚೆನ್ನಾಗಿ ಒದಗಿತು. "ಚಿಂಚೋಳಿ" ಎಂದಷ್ಟೇ ಬರೆದರೆ ಅದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯೋ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವೋ ತಿಳಿಯದು. ಊರಿನ ಹೆಸರು ಬಿಟ್ಟ ಗೊಂದಲವನ್ನು ಪಿನ್ ಕೋಡ್ ಬಿಡಿಸುತ್ತದೆ. ಈ ಆರಂಕಿಯ ಸಂಖ್ಯೆ ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಬೀದರ್‌ನ 585401 ಮತ್ತು ಭಾಲ್ಕಿಯ 585328 ಎರಡನ್ನೂ ಹಲಗೆಯ ಮೇಲೆ ಬರೆದಾಗ, ಮೊದಲ ಮೂರು ಅಂಕಿ ಒಂದೇ ಎಂದು ಮಕ್ಕಳೇ ಗುರುತಿಸಿದರು. ಮೊದಲ ಮೂರು ಅಂಕಿ ಅಂಚೆಯನ್ನು ವಿಂಗಡಿಸುವ ಪ್ರದೇಶವನ್ನು, ಉಳಿದ ಮೂರು ಆ ಪ್ರದೇಶದೊಳಗಿನ ಬಟವಾಡೆ ಕಚೇರಿಯನ್ನು ಸೂಚಿಸುತ್ತವೆ. ನಮ್ಮದು ಗಡಿ ಜಿಲ್ಲೆ. ಉದಗೀರಕ್ಕೋ ಜಹೀರಾಬಾದಕ್ಕೋ ಕಳುಹಿಸುವಾಗ ಕನ್ನಡದಲ್ಲಷ್ಟೇ ವಿಳಾಸ ಬರೆದರೆ ಅಲ್ಲಿನವರು ಓದಲಾರರು. ಇಂಗ್ಲಿಷಿನಲ್ಲೂ ಬರೆದು ರಾಜ್ಯದ ಹೆಸರು ಸೇರಿಸಬೇಕು. "ಇಂದ" ವಿಳಾಸ ಇಲ್ಲದಿದ್ದರೆ ಬಟವಾಡೆಯಾಗದ ಲಕೋಟೆ ನಮ್ಮ ಮನೆಗೆ ಮರಳುವ ದಾರಿಯೇ ಇಲ್ಲ.

ನಂತರ ತೂಕ. ಎ4 ಹಾಳೆಯ ಅಳತೆ 0.21 ಮೀ × 0.297 ಮೀ, ಅಂದರೆ ಸುಮಾರು 0.0624 ಚದರ ಮೀಟರ್. ಹಾಳೆಯ ಪೊಟ್ಟಣದ ಮೇಲೆ ಬರೆದ 75 ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ 75 ಗ್ರಾಂ. ಹಾಗಾದರೆ ಒಂದು ಹಾಳೆಯ ತೂಕ 4.68 ಗ್ರಾಂ. ನಮ್ಮ ಲಕೋಟೆ ತಕ್ಕಡಿಯಲ್ಲಿ 22 ಗ್ರಾಂ ತೂಗಿತು. "50 ಗ್ರಾಂ ಮೀರದಂತೆ ಎಷ್ಟು ಹಾಳೆ ಇಡಬಹುದು?" ಎಂದು ಕೇಳಿದೆ. 28 ಅನ್ನು 4.68ರಿಂದ ಭಾಗಿಸಿದಾಗ 5.98 ಬಂತು. ಎಲ್ಲ ಗುಂಪುಗಳೂ 6 ಎಂದು ದುಂಡಾಗಿಸಿದವು. ಆರು ಹಾಳೆ ಇಟ್ಟರೆ 22 + 28.08 = 50.08 ಗ್ರಾಂ. ತಕ್ಕಡಿಯೂ 50.1 ತೋರಿಸಿತು. ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸುವ ನಿಯಮ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ ಎಂಬುದನ್ನು ನಾನು ಉದಾಹರಣೆ ಕೊಟ್ಟು ವಿವರಿಸಬೇಕಾಗಲೇ ಇಲ್ಲ. ಒಂದು ಗುಂಪು ಅರ್ಜಿ ನಮೂನೆಯನ್ನು ಒಂದೇ ಹಾಳೆಯ ಎರಡೂ ಬದಿಗೆ ಝರಾಕ್ಸ್ ಮಾಡಿಸಬಹುದು ಎಂದು ಸೂಚಿಸಿತು. ಇನ್ನೊಂದು ಗುಂಪು ತೆಳು ಲಕೋಟೆ ಸಾಕು ಎಂದಿತು. ಎರಡೂ ಸರಿ ಉತ್ತರಗಳೇ.

ಎರಡನೇ ಅವಧಿ: ನಾನು ಮಾಡಿದ ತಪ್ಪು

ಮರುದಿನ ಗುಂಪುಗಳು ಲಕೋಟೆಗಳನ್ನು ಅದಲು ಬದಲು ಮಾಡಿಕೊಂಡು, ಸ್ವೀಕರಿಸುವ ಕಚೇರಿಯವರಂತೆ ತೆರೆದು ಪರಿಶೀಲಿಸಬೇಕಿತ್ತು. ಪಾಠ ಮನಸ್ಸಿಗೆ ನಾಟಲಿ ಎಂದು ನಾನು ಯಾರಿಗೂ ಹೇಳದೆ ಒಂದು ಲಕೋಟೆಯಿಂದ 371ಜೆ ನಕಲನ್ನು ತೆಗೆದಿಟ್ಟಿದ್ದೆ.

"ಇದ್ರಾಗ ಒಂದು ಕಾಗದ ಇಲ್ರಿ ಮೇಡಂ" ಎಂದಿತು ಪರಿಶೀಲಿಸುವ ಗುಂಪು. ಲಕೋಟೆ ತುಂಬಿದ್ದ ಹುಡುಗಿ ಎದ್ದು ನಿಂತು, "ನಾ ಇಟ್ಟಿದ್ದೆರಿ, ಖರೆ ಇಟ್ಟಿದ್ದೆ" ಎಂದಳು. ಅವಳ ಗುಂಪಿನ ಪಟ್ಟಿಯಲ್ಲಿ "ಪ್ರಮಾಣಪತ್ರಗಳ ನಕಲು" ಎಂದಷ್ಟೇ ಇತ್ತು, ಎಷ್ಟು, ಯಾವುವು ಎಂದು ಇರಲಿಲ್ಲ. ಅವಳ ಗುಂಪಿನವರೇ "ನಿನ್ನ ಕೈಯಾಗ ಕೊಟ್ಟಿದ್ದೇ ತಪ್ಪಾಯ್ತು" ಎಂದರು. ನಾನು ಅಂದುಕೊಂಡಿದ್ದ ಚರ್ಚೆ ನಡೆಯಿತು. ಪಟ್ಟಿ ಹೇಗಿರಬೇಕೆಂದು ತರಗತಿಗೆ ಅರ್ಥವೂ ಆಯಿತು. ಕೊನೆಗೆ ನನ್ನ ಪುಸ್ತಕದಿಂದ ಆ ಹಾಳೆಯನ್ನು ತೆಗೆದು ತೋರಿಸಿದೆ. ಎಲ್ಲರೂ ನಕ್ಕರು, ಆ ಹುಡುಗಿ ನಗಲಿಲ್ಲ. ಅವಧಿ ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ.

ಮಾರ್ಗದರ್ಶಕರ ಹಿಮ್ಮಾಹಿತಿ

ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಪ್ರೇರಣೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆ ಬಳಕೆಗೆ ಒಳ್ಳೆಯ ಅಭಿಪ್ರಾಯ ಬರೆದರು. ಕೆಳಗೆ ಒಂದು ಸಾಲು ಸೇರಿಸಿದ್ದರು: ಪಾಠ ಗೆದ್ದಿತು, ಮಗು ಸೋತಿತು. ಚರ್ಚೆಯಲ್ಲಿ ಅವರು ಕೇಳಿದ್ದು ಇಷ್ಟೇ: "ನಿಮ್ಮ ಅರ್ಜಿ ತಿರಸ್ಕೃತವಾದಾಗ ನಿಮಗೆ ಹೇಗಾಗಿತ್ತಮ್ಮಾ?"

ನನಗೆ ಉತ್ತರ ಗೊತ್ತಿತ್ತು. ಇಟ್ಟಿದ್ದೇನೆ ಎಂದರೂ ಯಾರೂ ನಂಬದ ಸ್ಥಿತಿ ನನ್ನದಾಗಿತ್ತು. ಅದೇ ಸ್ಥಿತಿಯಲ್ಲಿ ನಾನು ಒಂದು ಮಗುವನ್ನು ಬೇಕೆಂದೇ ನಿಲ್ಲಿಸಿದ್ದೆ. ಮರುದಿನ ತರಗತಿಯ ಎದುರಿಗೇ, ಅವಳ ಹೆಸರು ಹಿಡಿದು, ತಪ್ಪು ಅವಳದಲ್ಲ, ನನ್ನದು ಎಂದು ಹೇಳಿದೆ. ಶನಿವಾರದ ಅಂಚೆ ಕಚೇರಿ ಭೇಟಿಗೆ ಲಕೋಟೆ ಹಿಡಿಯುವ ಕೆಲಸವನ್ನು ಅವಳಿಗೇ ಕೊಟ್ಟೆ.

ಅಂಚೆ ಕಚೇರಿ ಭೇಟಿ

ಮಕ್ಕಳು ಪಾಠದ ಬಗ್ಗೆ ಬರೆದ ಅಭಿಪ್ರಾಯಗಳನ್ನು ನಮ್ಮ ಕಾಲೇಜಿಗೆ ಕಳುಹಿಸಲು ಒಂದು ನಿಜವಾದ ಲಕೋಟೆ ಸಿದ್ಧಪಡಿಸಿದ್ದೆವು. ಅಲ್ಲಿ ನನ್ನ ಚಾರ್ಟಿನ ತಪ್ಪೂ ಬಯಲಾಯಿತು. ನಾನು ರಿಜಿಸ್ಟರ್ ಪೋಸ್ಟನ್ನು ಹಳೆಯಂತೆ ಪ್ರತ್ಯೇಕ ಸೇವೆ ಎಂದು ಬರೆದಿದ್ದೆ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ಅದನ್ನು, 1986ರಲ್ಲಿ ಆರಂಭವಾದ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿದೆ. ಈಗ ಸ್ಪೀಡ್ ಪೋಸ್ಟ್ ಮಾಡುವಾಗ "ನೋಂದಣಿ"ಯನ್ನು ಹೆಚ್ಚುವರಿ ಸೇವೆಯಾಗಿ ಕೇಳಿ ಪಡೆಯಬೇಕು. ವ್ಯತ್ಯಾಸ ಮುಖ್ಯವಾದದ್ದು: ಬರೀ ಸ್ಪೀಡ್ ಪೋಸ್ಟ್ ಆದರೆ ವಿಳಾಸಕ್ಕೆ ಬಟವಾಡೆ. ನೋಂದಣಿ ಇದ್ದರೆ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ. ಪ್ರಕಟಣೆಗಳಲ್ಲಿ "ನೋಂದಾಯಿತ ಅಂಚೆಯ ಮೂಲಕ" ಎಂದಿದ್ದರೆ ಕೌಂಟರಿನಲ್ಲಿ ಇದನ್ನೇ ಕೇಳಬೇಕು.

2025ರ ಅಕ್ಟೋಬರ್ 1ರಿಂದ ಜಾರಿಯಾದ ದರದಂತೆ, ಸ್ಥಳೀಯವಲ್ಲದ ಸ್ಪೀಡ್ ಪೋಸ್ಟ್‌ಗೆ 50 ಗ್ರಾಂವರೆಗೆ ದೂರ ಎಷ್ಟೇ ಇರಲಿ 47 ರೂ. 51ರಿಂದ 250 ಗ್ರಾಂಗೆ 200 ಕಿ.ಮೀ. ಒಳಗೆ 59 ರೂ., 501ರಿಂದ 1000 ಕಿ.ಮೀ.ಗೆ 68 ರೂ. ನೋಂದಣಿಗೆ 5 ರೂ., ಒಟ್ಟಿನ ಮೇಲೆ ಶೇ. 18 ಜಿಎಸ್‌ಟಿ. ಶಾಲೆಗೆ ಮರಳಿ ಮಕ್ಕಳು ಹೊಸ ಚಾರ್ಟ್ ತಯಾರಿಸಿದರು. ಬೀದರಿನಿಂದ ಬೆಂಗಳೂರಿಗೆ ಐದು ಹಾಳೆಯ ಲಕೋಟೆಗೆ 47 + 5 = 52, ಜಿಎಸ್‌ಟಿ ಸೇರಿ 61.36 ರೂ. ಆರನೇ ಹಾಳೆ ಸೇರಿ 50 ಗ್ರಾಂ ದಾಟಿದರೆ 68 + 5 = 73, ಜಿಎಸ್‌ಟಿ ಸೇರಿ 86.14 ರೂ. ಒಂದು ಹಾಳೆಗೆ 24.78 ರೂಪಾಯಿ ವ್ಯತ್ಯಾಸ! ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟ್ ದರದಲ್ಲಿ ಶೇ. 10 ರಿಯಾಯಿತಿಯೂ ಇದೆ.

ರಸೀದಿ ಕೈಗೆ ಬಂದಾಗ ಆ ಹುಡುಗಿ ಅದನ್ನು ಓದಿ, "ಇದ್ರಾಗ ತೂಕ ಭಿ ಬರದದ ನೋಡ್ರಿ ಮೇಡಂ" ಎಂದಳು. ನಾನು ಅದನ್ನು ಪಾಠಯೋಜನೆಯಲ್ಲಿ ಯೋಚಿಸಿಯೇ ಇರಲಿಲ್ಲ. ಒಂದು ಹಾಳೆ ಸುಮಾರು 4.7 ಗ್ರಾಂ ಎಂದು ಗೊತ್ತಿದ್ದವರಿಗೆ, ರಸೀದಿಯ ಮೇಲಿನ ತೂಕ ಒಳಗಿನ ಹಾಳೆಗಳ ಬಗ್ಗೆಯೂ ಸ್ವಲ್ಪ ಹೇಳುತ್ತದೆ. ಪೂರ್ಣ ಸಾಕ್ಷಿಯಲ್ಲ, ಆದರೆ ಪಟ್ಟಿಗೆ ಬೆಂಬಲ. ಆ ರಾತ್ರಿ ನನ್ನ ಹಳೆಯ ರಸೀದಿ ಹುಡುಕಿದೆ. ಅಕ್ಷರ ಮಾಸಿಹೋಗಿತ್ತು, ತೂಕ ಕಾಣಲಿಲ್ಲ. ರಸೀದಿ ಸಿಕ್ಕ ಕೂಡಲೇ ಅದರ ಫೋಟೋ ತೆಗೆದಿಡಬೇಕು ಎಂಬುದನ್ನು ಅಂದೇ ಪಾಠಕ್ಕೆ ಸೇರಿಸಿದೆ.

ಮರುಬೋಧನೆ ('ಬಿ' ವಿಭಾಗ)

ಈ ಸಲ ಮೊದಲೇ ಹೇಳಿದೆ: "ಈ ಆರು ಲಕೋಟೆಗಳಲ್ಲಿ ಒಂದರಿಂದ ನಾನು ಒಂದು ಹಾಳೆ ತೆಗೆದಿದ್ದೇನೆ. ತಪ್ಪು ಯಾರದೂ ಅಲ್ಲ. ಯಾರ ಲಕೋಟೆ, ಯಾವ ಹಾಳೆ ಎಂದು ಕಾಗದದಿಂದಲೇ ತೋರಿಸಿ." ಪ್ರತಿ ಗುಂಪೂ ಮುಖಪತ್ರದಲ್ಲಿ "ಲಗತ್ತು 1, 2, 3…" ಎಂದು ಹೆಸರು ಸಮೇತ ಪಟ್ಟಿ ಬರೆದು, ಕೊನೆಗೆ "ಒಟ್ಟು ಹಾಳೆ 6" ಎಂದು ನಮೂದಿಸಿ, ತಮ್ಮ ಬಳಿ ಉಳಿಸಿಕೊಂಡ ಪ್ರತಿಯ ಮೇಲೆ ತೂಕವನ್ನೂ ಬರೆದಿತ್ತು. ಲಕೋಟೆ ತೆರೆಯುವ ಮೊದಲೇ ಒಬ್ಬ ಹುಡುಗ "ಎಲ್ಲಾ ಮತ್ತೊಮ್ಮೆ ತೂಕ ಮಾಡ್ರಿ" ಎಂದ. ಐದು ಲಕೋಟೆಗಳು 50 ಗ್ರಾಂ ಆಸುಪಾಸು, ಒಂದು 45.4 ಗ್ರಾಂ. ಅದನ್ನು ತೆರೆದು ಪಟ್ಟಿಯ ಜೊತೆ ಹೋಲಿಸಿದಾಗ ಲಗತ್ತು 3 ಇರಲಿಲ್ಲ. ಎರಡು ನಿಮಿಷದಲ್ಲಿ ಮುಗಿಯಿತು. ಯಾರೂ ಯಾರನ್ನೂ ದೂರಲಿಲ್ಲ.

ಲಕೋಟೆಯ ಪಯಣವನ್ನು ವಿವರಿಸಲು ನೌಬಾದದ ಸುರಂಗ ಬಾವಿ ನೆರವಾಯಿತು. ಬಹಮನಿ ಕಾಲದ ಆ ಕರೇಜ್‌ನಲ್ಲಿ ನೀರು ನೆಲದಡಿ ಹರಿಯುತ್ತದೆ, ಅಲ್ಲಲ್ಲಿ ತೆರೆದ ಬಾವಿಬಾಯಿಗಳಲ್ಲಷ್ಟೇ ಮೇಲಿನವರಿಗೆ ಕಾಣುತ್ತದೆ. ಅಂಚೆಯೂ ಹಾಗೆಯೇ. ರಸೀದಿಯ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಪ್ರತಿ ಕಚೇರಿಯಲ್ಲಿ ಸ್ಕ್ಯಾನ್ ಆದ ಸಮಯ ಕಾಣುತ್ತದೆ. ಆದರೆ ಬಾವಿಬಾಯಿಯಲ್ಲಿ ಕಾಣುವುದು ನೀರು ಹರಿದದ್ದು, ನೀರಿನಲ್ಲಿ ಏನಿದೆ ಎಂಬುದಲ್ಲ.

ಕಾನೂನಿನ ಮಾತನ್ನೂ ಇಲ್ಲಿ ಸೇರಿಸಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ ಪ್ರಕಾರ, ಕಾಯ್ದೆಯಂತೆ ಅಂಚೆಯಲ್ಲಿ ಕಳುಹಿಸಬೇಕಾದ ದಾಖಲೆಯನ್ನು ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ, ನೋಂದಾಯಿತ ಅಂಚೆಗೆ ಹಾಕಿದ್ದರೆ, ವಿರುದ್ಧವಾದದ್ದು ರುಜುವಾತಾಗದ ಹೊರತು ಅದು ತಲುಪಿದೆ ಎಂದೇ ಭಾವಿಸಲಾಗುತ್ತದೆ. ಮೂರೂ ಷರತ್ತು ಕಳುಹಿಸುವವರ ಕೈಯಲ್ಲಿವೆ. ವಿಳಾಸ ತಪ್ಪಿದರೆ ಈ ಆಸರೆಯೂ ತಪ್ಪುತ್ತದೆ.

ಮೌಲ್ಯಮಾಪನ

ಕೊನೆಯಲ್ಲಿ ಮೂರು ಪ್ರಶ್ನೆ ಕೊಟ್ಟೆ. (1) ನಿಮ್ಮ ಅಕ್ಕನ ಅರ್ಜಿಗೆ ಲಗತ್ತುಗಳ ಪಟ್ಟಿ ಬರೆಯಿರಿ. (2) ಏಳು ಹಾಳೆ, 8 ಗ್ರಾಂ ತೂಕದ ಲಕೋಟೆ: 50 ಗ್ರಾಂ ಮೀರುತ್ತದೆಯೇ? (ಉತ್ತರ: 40.76 ಗ್ರಾಂ, ಮೀರುವುದಿಲ್ಲ.) (3) ರಸೀದಿಯಿಂದ ತಿಳಿಯುವ ಮತ್ತು ತಿಳಿಯದ ಎರಡೆರಡು ಸಂಗತಿಗಳನ್ನು ಬರೆಯಿರಿ. ಎರಡನೆಯದನ್ನು ಬಹುತೇಕರು ಸರಿಯಾಗಿ ಮಾಡಿದರು. ಮೂರನೆಯದರಲ್ಲಿ 'ಎ' ವಿಭಾಗಕ್ಕಿಂತ 'ಬಿ' ವಿಭಾಗದ ಉತ್ತರಗಳು ಸ್ಪಷ್ಟವಾಗಿದ್ದವು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ದರಪಟ್ಟಿಯನ್ನು ಪಾಠದ ವಾರದಲ್ಲೇ ಅಂಚೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಮಕ್ಕಳ ನಿಜವಾದ ದಾಖಲೆಗಳನ್ನು ಬಳಸಬೇಡಿ. ಪಟ್ಟಿ, ತೂಕ, ಫೋಟೋ, ರಸೀದಿ ಈ ನಾಲ್ಕನ್ನೂ ಒಂದೇ ಕಡೆ ಪಿನ್ ಮಾಡಿ ಇಡುವ ಅಭ್ಯಾಸ ಮಾಡಿಸಿ. ತರಗತಿಯಲ್ಲಿ ಕೃತಕ ಸಮಸ್ಯೆ ಒಡ್ಡುವಾಗ, ಅದು ಕೃತಕ ಎಂದು ಮಕ್ಕಳಿಗೆ ಮೊದಲೇ ತಿಳಿದಿರಲಿ. ತಿಳಿದಿದ್ದರೂ ಅವರು ಅಷ್ಟೇ ಆಸಕ್ತಿಯಿಂದ ಹುಡುಕುತ್ತಾರೆ ಎಂಬುದನ್ನು 'ಬಿ' ವಿಭಾಗ ನನಗೆ ತೋರಿಸಿತು.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ಒಂದು ಲಕೋಟೆ ತಂದಿದ್ದಳು. ಔರಾದ ಕಡೆಯ ಅವಳ ಅಜ್ಜಿಯ ಪಿಂಚಣಿಗೆ ಸಂಬಂಧಿಸಿದ ಅರ್ಜಿ ಅದು. ಮುಖಪತ್ರದ ಕೆಳಗೆ ಲಗತ್ತು 1ರಿಂದ 4, ಒಟ್ಟು ಹಾಳೆ 5 ಎಂದಿತ್ತು. "ತೂಕ ಮಾಡೂದು ಒಂದು ಉಳದದರಿ ಮೇಡಂ" ಎಂದಳು. ಇಬ್ಬರೂ ಪ್ರಯೋಗಾಲಯಕ್ಕೆ ಹೋದೆವು.